ಲೆಕ್ಕ ಕೇಳುವವರು ಯಾರು? ಅಮೆರಿಕದ ಚಾರ್ಟರ್ ಶಾಲೆಗಳ ಆಡಳಿತ ವಿವಾದಗಳ ಇತಿಹಾಸ

2010ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಹತ್ತು ಚಾರ್ಟರ್ ಶಾಲೆಗಳ ಆಡಳಿತ ಮಂಡಳಿಗಳು ತಮ್ಮ ಶಾಲೆಗಳನ್ನು ನಡೆಸುತ್ತಿದ್ದ ಕಂಪನಿಯ ಮೇಲೆಯೇ ದಾವೆ ಹೂಡಿದವು. ಕಂಪನಿಯ ಹೆಸರು ವೈಟ್ ಹ್ಯಾಟ್ ಮ್ಯಾನೇಜ್‌ಮೆಂಟ್; ಅದನ್ನು ಕಟ್ಟಿದವರು ಆಕ್ರನ್ ನಗರದ ಉದ್ಯಮಿ ಡೇವಿಡ್ ಬ್ರೆನನ್. ರಾಜ್ಯ ಸರ್ಕಾರ ಶಾಲೆಗೆ ಕೊಡುತ್ತಿದ್ದ ಹಣದಲ್ಲಿ ಶೇ. 95 ಅಥವಾ ಅದಕ್ಕಿಂತ ಹೆಚ್ಚಿನ ಪಾಲು ಒಪ್ಪಂದದ ಪ್ರಕಾರ ನೇರವಾಗಿ ಈ ಕಂಪನಿಗೆ ಹೋಗುತ್ತಿತ್ತು. ಕಂಪನಿಯನ್ನು ಬಿಡಿಸಿ ಕಳಿಸಲು ಮಂಡಳಿಗಳು ಮುಂದಾದಾಗ, ಮಕ್ಕಳು ಕೂರುವ ಬೆಂಚುಗಳು, ಅವರು ಬಳಸುವ ಕಂಪ್ಯೂಟರುಗಳು ಯಾರ ಆಸ್ತಿ ಎಂಬ ಪ್ರಶ್ನೆ ಎದುರಾಯಿತು. ಅವನ್ನು ಕೊಂಡದ್ದು ತೆರಿಗೆದಾರರ ಹಣದಲ್ಲಿ. ಆದರೂ ಒಪ್ಪಂದದಲ್ಲಿ ಬರೆದಂತೆ ಅವು ಕಂಪನಿಗೆ ಸೇರಿದವು, ಶಾಲೆಗೆ ಬೇಕಿದ್ದರೆ ಬೆಲೆ ಕೊಟ್ಟು ಮರಳಿ ಪಡೆಯಬೇಕು ಎಂದು ಒಹಾಯೊ ಸುಪ್ರೀಂ ಕೋರ್ಟು 2015ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತು. ಕಂಪನಿಗೆ ಶಾಲೆಯ ಹಿತ ಕಾಯುವ ಹೊಣೆಯಿದೆ ಎಂಬುದನ್ನು ನ್ಯಾಯಾಲಯ ಒಪ್ಪಿತು. ಹಾಗಿದ್ದೂ ಸಹಿ ಹಾಕಿದ ಕಾಗದದ ಮಾತೇ ಗೆದ್ದಿತು.

ಸಹಿ ಹಾಕಿದ್ದು ಮಂಡಳಿಗಳೇ. ಈ ಲೇಖನದ ಪ್ರಶ್ನೆ ಅಲ್ಲಿಂದ ಹುಟ್ಟುತ್ತದೆ. ಚಾರ್ಟರ್ ಶಾಲೆಗಳ ವಿಷಯದಲ್ಲಿ ಕಳೆದ ಮೂರು ದಶಕಗಳಲ್ಲಿ ನಡೆದ ಚರ್ಚೆ ಬಹುಪಾಲು ಪರೀಕ್ಷೆಯ ಅಂಕಗಳ ಸುತ್ತ ಸುತ್ತಿದೆ. ಆದರೆ ನ್ಯಾಯಾಲಯಗಳಿಗೂ ಶಾಸನಸಭೆಗಳಿಗೂ ಹೋದ ಜಗಳಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಬೇರೊಂದು ಕಥೆ ಕಾಣುತ್ತದೆ. ಸನದು (ಚಾರ್ಟರ್) ಕೊಡುವ ಸಂಸ್ಥೆ, ಶಾಲೆಯ ಆಡಳಿತ ಮಂಡಳಿ, ನಿತ್ಯದ ಕೆಲಸ ನೋಡುವ ಕಂಪನಿ ಅಥವಾ ಮುಖ್ಯಸ್ಥರು ಎಂಬ ಮೂವರಲ್ಲಿ ನಡುವಿನ ಮಂಡಳಿ ಹೆಸರಿಗಷ್ಟೇ ಉಳಿದ ಕಡೆಯಲ್ಲೆಲ್ಲ ವ್ಯವಸ್ಥೆ ಕುಸಿದಿದೆ. ಮಂಡಳಿ ಹೀಗೆ ಬಲಹೀನವಾದದ್ದು ಆಕಸ್ಮಿಕವಲ್ಲ, ಮೂಲ ಕಲ್ಪನೆಯನ್ನು ತಿದ್ದುತ್ತ ಹೋದದ್ದರ ಫಲ ಎಂಬುದು ನನ್ನ ವಾದ.

ಕನ್ನಡದ ಓದುಗರಿಗೆ ಹತ್ತಿರದ ಹೋಲಿಕೆ ನಮ್ಮ ಅನುದಾನಿತ ಶಾಲೆ. ಅಲ್ಲಿಯೂ ಆಡಳಿತ ಖಾಸಗಿಯವರದು, ಸಂಬಳ ಸರ್ಕಾರದ್ದು. ಚಾರ್ಟರ್ ಶಾಲೆಯಲ್ಲಿ ಮಾತ್ರ ಈ ಸಂಬಂಧಕ್ಕೆ ಅವಧಿಯಿದೆ. ಮೂರೋ ಐದೋ ವರ್ಷಕ್ಕೆ ಸನದು ಕೊಡುತ್ತಾರೆ. ಹೇಳಿದ ಫಲಿತಾಂಶ ಬಾರದಿದ್ದರೆ ಅದನ್ನು ನವೀಕರಿಸದೆ ಶಾಲೆ ಮುಚ್ಚಿಸಬಹುದು. ಅದಕ್ಕೆ ಪ್ರತಿಯಾಗಿ ಶಾಲಾ ಜಿಲ್ಲೆಯ ಬಹುತೇಕ ನಿಯಮಗಳಿಂದ ವಿನಾಯಿತಿ ಸಿಗುತ್ತದೆ. ಮಕ್ಕಳಿಂದ ಶುಲ್ಕ ಪಡೆಯುವಂತಿಲ್ಲ.

ಈ ಕಲ್ಪನೆಯ ಮೂಲಪುರುಷ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರೇ ಬಡ್. 1974ರಲ್ಲಿ ಅವರು ಇದನ್ನು ಮಂಡಿಸಿದಾಗ ಯಾರೂ ಕಿವಿಗೊಡಲಿಲ್ಲ. 1988ರಲ್ಲಿ ಪುಸ್ತಕವಾಗಿ ಬಂದ ಮೇಲೆ ಗಮನ ಸೆಳೆಯಿತು. ಬಡ್ ಯೋಚಿಸಿದ್ದು ಹೊಸ ಶಾಲೆಗಳನ್ನು ತೆರೆಯುವುದರ ಬಗ್ಗೆ ಅಲ್ಲ. ಈಗಿರುವ ಜಿಲ್ಲೆಯೊಳಗೆ ಶಿಕ್ಷಕರ ತಂಡಗಳಿಗೆ ಶಾಲಾ ಮಂಡಳಿಯೇ ನೇರವಾಗಿ ಸನದು ಕೊಡಬೇಕು, ಪಾಠದ ವಿಷಯದಲ್ಲಿ ಅವರಿಬ್ಬರ ನಡುವೆ ಯಾವ ಅಧಿಕಾರಿಯೂ ನಿಲ್ಲಬಾರದು ಎಂಬುದು ಅವರ ಆಶಯ. ಅದೇ 1988ರ ಮಾರ್ಚಿನಲ್ಲಿ ಅಮೆರಿಕನ್ ಫೆಡರೇಶನ್ ಆಫ್ ಟೀಚರ್ಸ್ ಎಂಬ ಶಿಕ್ಷಕರ ಸಂಘಟನೆಯ ಅಧ್ಯಕ್ಷ ಆಲ್ಬರ್ಟ್ ಶಾಂಕರ್ ವಾಷಿಂಗ್ಟನ್ನಿನ ನ್ಯಾಷನಲ್ ಪ್ರೆಸ್ ಕ್ಲಬ್ಬಿನಲ್ಲಿ ಮಾತಾಡುತ್ತ, ಆರೋ ಹೆಚ್ಚೋ ಶಿಕ್ಷಕರು ಸೇರಿ ಶಾಲೆಯೊಳಗೊಂದು ಶಾಲೆ ಕಟ್ಟಲು ಅವಕಾಶ ಬೇಕೆಂದರು. ಅದಕ್ಕೆ ಶಾಲಾ ಮಂಡಳಿ ಮತ್ತು ಶಿಕ್ಷಕರ ಸಂಘ ಎರಡರ ಒಪ್ಪಿಗೆಯೂ ಇರಬೇಕೆಂಬುದು ಅವರ ಷರತ್ತಾಗಿತ್ತು. ಜರ್ಮನಿಯ ಕಲೋನ್ ನಗರದಲ್ಲಿ ಅವರು ನೋಡಿಬಂದಿದ್ದ ಒಂದು ಶಾಲೆ ಈ ಯೋಚನೆಗೆ ಪ್ರೇರಣೆಯಾಗಿತ್ತು.

ಇಬ್ಬರ ಮಾತಿನಲ್ಲೂ ಸನದು ಹಿಡಿಯುವವರು ಶಿಕ್ಷಕರು. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಮುಂದಿನ ಇತಿಹಾಸದಲ್ಲಿ ಈ ಅಂಶವೇ ಮೊದಲು ಕಣ್ಮರೆಯಾಯಿತು.

ಮೊದಲ ಕಾಯಿದೆ ಬಂದದ್ದು ಮಿನ್ನೆಸೋಟದಲ್ಲಿ, 1991ರಲ್ಲಿ. ಸೆನೆಟರ್ ಎಂಬರ್ ರೈಕ್‌ಗಾಟ್ ಅದರ ಹಿಂದಿನ ಶಕ್ತಿ. ಇಡೀ ರಾಜ್ಯಕ್ಕೆ ಎಂಟೇ ಶಾಲೆ ಎಂಬ ಮಿತಿಯಿತ್ತು. ಶಾಲೆಯ ಮಂಡಳಿಯಲ್ಲಿ ಅಲ್ಲಿನ ಶಿಕ್ಷಕರದೇ ಬಹುಮತ ಇರಬೇಕೆಂಬ ನಿಯಮವಿತ್ತು. 1992ರ ಸೆಪ್ಟೆಂಬರಿನಲ್ಲಿ ಸೇಂಟ್ ಪಾಲ್ ನಗರದಲ್ಲಿ ಸಿಟಿ ಅಕಾಡೆಮಿ ಎಂಬ ಮೊದಲ ಚಾರ್ಟರ್ ಶಾಲೆ ಬಾಗಿಲು ತೆರೆಯಿತು. ಓದು ಬಿಟ್ಟ ಹದಿಹರೆಯದವರಿಗಾಗಿ ತೆರೆದ ಸಣ್ಣ ಶಾಲೆ ಅದು. ಆ ವರ್ಷವೇ ಕ್ಯಾಲಿಫೋರ್ನಿಯಾ ಕಾಯಿದೆ ಮಾಡಿತು, ಆಮೇಲೆ ಒಂದೊಂದಾಗಿ ಬೇರೆ ರಾಜ್ಯಗಳು. 1994ರಿಂದ ಕೇಂದ್ರದ ಹಣವೂ ಸಿಗತೊಡಗಿತು. ಹರಡುತ್ತ ಹೋದಂತೆ ಶಿಕ್ಷಕರ ಬಹುಮತದ ಮಾತು ಬಿಟ್ಟುಹೋಯಿತು. ಅದರ ಜಾಗದಲ್ಲಿ ಲಾಭರಹಿತ ಸಂಸ್ಥೆಯೊಂದರ ಸ್ವಯಂನೇಮಿತ ಮಂಡಳಿ ಬಂದಿತು, ಆ ಮಂಡಳಿಗೆ ಶಾಲೆ ನಡೆಸಿಕೊಡಲು ಕಂಪನಿಗಳು ಬಂದವು. ತಾವು ಬಯಸಿದ್ದು ಇದಲ್ಲವೆಂದು ಶಾಂಕರ್ ಕೆಲವೇ ವರ್ಷಗಳಲ್ಲಿ ಟೀಕಾಕಾರರಾದರು. 1997ರಲ್ಲಿ ಅವರು ತೀರಿಕೊಂಡಾಗ ಅವರು ಬಿತ್ತಿದ ಬೀಜದ ಬೆಳೆ ಬೇರೆಯವರ ಹೊಲದಲ್ಲಿತ್ತು.

ಒಹಾಯೊ ಕಾಯಿದೆ ಮಾಡಿದ್ದೂ 1997ರಲ್ಲೇ. ಆ ರಾಜ್ಯದ ಅನುಭವವನ್ನು ತುಸು ನಿಂತು ನೋಡುವುದು ಅಗತ್ಯ. 2000ದಲ್ಲಿ ಬಿಲ್ ಲೇಗರ್ ಎಂಬವರು ಎಲೆಕ್ಟ್ರಾನಿಕ್ ಕ್ಲಾಸ್‌ರೂಮ್ ಆಫ್ ಟುಮಾರೊ ಎಂಬ ಆನ್‌ಲೈನ್ ಶಾಲೆ ಶುರುಮಾಡಿದರು. ಜನ ಅದನ್ನು ಈಕಾಟ್ ಎಂದು ಕರೆಯುತ್ತಿದ್ದರು. ಶಾಲೆ ಲಾಭರಹಿತ. ಆದರೆ ಅದಕ್ಕೆ ಆಡಳಿತ ಸೇವೆ ಒದಗಿಸುತ್ತಿದ್ದ ಆಲ್ಟೇರ್ ಲರ್ನಿಂಗ್, ತಂತ್ರಾಂಶ ಒದಗಿಸುತ್ತಿದ್ದ ಐಕ್ಯೂ ಇನ್ನೊವೇಶನ್ಸ್ ಎರಡೂ ಲೇಗರ್ ಅವರದೇ ಕಂಪನಿಗಳು. 2016ರಲ್ಲಿ ರಾಜ್ಯದ ಶಿಕ್ಷಣ ಇಲಾಖೆ ಮಕ್ಕಳು ನಿಜಕ್ಕೂ ಎಷ್ಟು ಹೊತ್ತು ಪಾಠದಲ್ಲಿದ್ದರು ಎಂಬ ದಾಖಲೆ ಕೇಳಿತು. ಈಕಾಟ್ ಹಣ ಪಡೆದದ್ದು 15,000ಕ್ಕೂ ಹೆಚ್ಚು ಪೂರ್ಣಾವಧಿ ವಿದ್ಯಾರ್ಥಿಗಳ ಲೆಕ್ಕದಲ್ಲಿ. ದಾಖಲೆಯ ಬೆಂಬಲ ಸಿಕ್ಕಿದ್ದು ಅದರ ಅರ್ಧಕ್ಕೂ ಕಡಿಮೆ ಸಂಖ್ಯೆಗೆ. ಆ ಒಂದು ವರ್ಷಕ್ಕೇ ಸುಮಾರು 6 ಕೋಟಿ ಡಾಲರ್ ಹಿಂದಿರುಗಿಸಬೇಕೆಂದು ರಾಜ್ಯ ಪಟ್ಟುಹಿಡಿಯಿತು. ವರ್ಷಕ್ಕೆ 920 ಗಂಟೆ ಕಲಿಕೆಯ ಅವಕಾಶ ಕೊಡುವುದಷ್ಟೇ ಕಾನೂನಿನ ಬೇಡಿಕೆ, ಮಗು ಅದನ್ನು ಬಳಸಿತೇ ಎಂದು ತೋರಿಸಬೇಕಿಲ್ಲ ಎಂಬುದು ಶಾಲೆಯ ವಾದವಾಗಿತ್ತು. ಒಹಾಯೊ ಸುಪ್ರೀಂ ಕೋರ್ಟು 2018ರ ಆಗಸ್ಟಿನಲ್ಲಿ 4-2ರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಅಷ್ಟರಲ್ಲಿ ಶಾಲೆಯೇ ಉಳಿದಿರಲಿಲ್ಲ. ಆ ವರ್ಷದ ಜನವರಿಯಲ್ಲಿ, ಶೈಕ್ಷಣಿಕ ವರ್ಷದ ನಡುವೆಯೇ, ಅದು ಮುಚ್ಚಿತ್ತು. ಸುಮಾರು 12,000 ಮಕ್ಕಳು ಬೇರೆ ಶಾಲೆ ಹುಡುಕಬೇಕಾಯಿತು.

ಹದಿನಾರು ವರ್ಷ ಯಾರೂ ಏಕೆ ಕೇಳಲಿಲ್ಲ? ಒಹಾಯೊದಲ್ಲಿ ಸನದು ಕೊಡುವ ಸಂಸ್ಥೆ ತನ್ನ ಉಸ್ತುವಾರಿಯ ಖರ್ಚಿಗೆಂದು ಶಾಲೆಗೆ ಬರುವ ರಾಜ್ಯದ ಹಣದಲ್ಲಿ ಶೇ. 3ರವರೆಗೆ ಪಡೆಯಬಹುದು. ಶಾಲೆ ಬೆಳೆದಷ್ಟೂ ಉಸ್ತುವಾರಿಯ ಆದಾಯ ಬೆಳೆಯುತ್ತದೆ. ಶಾಲೆ ಮುಚ್ಚಿದರೆ ಅದು ನಿಲ್ಲುತ್ತದೆ. ಕಾಯುವವನ ಕೂಲಿ ಕಾಯಿಸಿಕೊಳ್ಳುವವನ ಜೇಬಿನಿಂದಲೇ ಬರುವ ಈ ಏರ್ಪಾಡಿನಲ್ಲಿ ನಿಷ್ಠುರ ಪ್ರಶ್ನೆಗೆ ಎಡೆ ಎಲ್ಲಿ? ಸನದುಸಂಸ್ಥೆಗಳನ್ನು ಅಳೆಯಲು ರಾಜ್ಯ ಒಂದು ಮೌಲ್ಯಮಾಪನ ಪದ್ಧತಿ ತಂದಿತು, ನಿಜ. ಆದರೆ ಅದರಲ್ಲಿ ಆನ್‌ಲೈನ್ ಶಾಲೆಗಳ ಅನುತ್ತೀರ್ಣ ದರ್ಜೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ ಎಂಬ ಸಂಗತಿ 2015ರಲ್ಲಿ ಹೊರಬಿದ್ದು, ಇಲಾಖೆಯ ಸಂಬಂಧಪಟ್ಟ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಮೂರನೆಯ ಹಂತದ ಕಾವಲೂ ಹೀಗೆ ಸಡಿಲವಾಗಿತ್ತು.

ಉಸ್ತುವಾರಿ ಶುಲ್ಕದ ಇದೇ ದೋಷ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ದೊಡ್ಡದಾಗಿ ಕಾಣಿಸಿಕೊಂಡಿತು. 2019ರ ಮೇ ತಿಂಗಳಲ್ಲಿ ಸ್ಯಾನ್ ಡಿಯೆಗೊ ಕೌಂಟಿಯ ಪ್ರಾಸಿಕ್ಯೂಟರುಗಳು ಎ3 ಎಂಬ ಜಾಲದ ಹನ್ನೊಂದು ಮಂದಿಯ ಮೇಲೆ ಆರೋಪ ಹೊರಿಸಿದರು. ಹತ್ತೊಂಬತ್ತು ಆನ್‌ಲೈನ್ ಚಾರ್ಟರ್ ಶಾಲೆಗಳ ಜಾಲ ಅದು. ಬೇಸಿಗೆಯ ಆಟೋಟ ಶಿಬಿರಗಳಿಗೆ ಹಣ ಕೊಟ್ಟು ಅಲ್ಲಿನ ಮಕ್ಕಳ ವಿವರ ಪಡೆದು, ಅವರನ್ನು ಶಾಲೆಯ ವಿದ್ಯಾರ್ಥಿಗಳೆಂದು ತೋರಿಸಿ ಸರ್ಕಾರದಿಂದ ಹಣ ಪಡೆದರೆಂಬುದು ಆರೋಪದ ತಿರುಳು. ಜಾಲದ ಮುಖ್ಯಸ್ಥರಾದ ಶಾನ್ ಮೆಕ್‌ಮ್ಯಾನಸ್ ಮತ್ತು ಜೇಸನ್ ಶ್ರಾಕ್ 2021ರಲ್ಲಿ ತಪ್ಪೊಪ್ಪಿಕೊಂಡರು. 20 ಕೋಟಿ ಡಾಲರಿಗೂ ಮಿಕ್ಕಿದ ಹಣ ಮತ್ತು ಆಸ್ತಿ ಸರ್ಕಾರಕ್ಕೆ ಮರಳಿತು. ಈ ಶಾಲೆಗಳಿಗೆ ಸನದು ಕೊಟ್ಟಿದ್ದ ಜಿಲ್ಲೆಗಳಲ್ಲಿ ಕೆಲವು ಎಷ್ಟು ಚಿಕ್ಕವೆಂದರೆ, ಡೆಹೀಸಾ ಎಂಬ ಜಿಲ್ಲೆಯ ಸ್ವಂತ ಶಾಲೆಯಲ್ಲಿದ್ದ ಮಕ್ಕಳು ಇನ್ನೂರೂ ಮುಟ್ಟುತ್ತಿರಲಿಲ್ಲ. ಅಂಥ ಪುಟ್ಟ ಕಚೇರಿ ಸಾವಿರಾರು ಮಕ್ಕಳ ಹಾಜರಿ ಪರಿಶೀಲಿಸುವುದು ಸಾಧ್ಯವೇ ಇರಲಿಲ್ಲ. ಶುಲ್ಕ ಪಡೆಯುವುದು ಸಾಧ್ಯವಿತ್ತು.

ಕಂಪನಿಯ ಕೈವಾಡವಿಲ್ಲದೆಯೂ ಮಂಡಳಿ ಎಡವಬಹುದು ಎಂಬುದಕ್ಕೆ ನ್ಯೂ ಆರ್ಲಿಯನ್ಸ್ ಸಾಕ್ಷಿ. 2005ರ ಕತ್ರಿನಾ ಚಂಡಮಾರುತದ ಬಳಿಕ ಅಲ್ಲಿನ ಬಹುಪಾಲು ಶಾಲೆಗಳನ್ನು ರಾಜ್ಯ ವಶಕ್ಕೆ ತೆಗೆದುಕೊಂಡಿತು, ಏಳು ಸಾವಿರಕ್ಕೂ ಹೆಚ್ಚು ಶಿಕ್ಷಕರು ಮತ್ತು ನೌಕರರು ಕೆಲಸ ಕಳೆದುಕೊಂಡರು, ಶಾಲೆಗಳು ಒಂದೊಂದಾಗಿ ಚಾರ್ಟರ್ ಮಂಡಳಿಗಳ ಪಾಲಾದವು. 2018ರಲ್ಲಿ ಉಸ್ತುವಾರಿ ಚುನಾಯಿತ ಶಾಲಾ ಮಂಡಳಿಗೆ ಮರಳಿತು. ಮರುವರ್ಷವೇ ಜಾನ್ ಎಫ್. ಕೆನಡಿ ಹೈಸ್ಕೂಲಿನ ಪ್ರಕರಣ ಬಯಲಾಯಿತು. ಅಂಕಗಳನ್ನು ತಿದ್ದಲಾಗಿದೆ ಎಂದು ಶಾಲೆಯ ನೌಕರರೊಬ್ಬರು ದೂರಿದರು, ಅವರೇ ಕೆಲಸ ಕಳೆದುಕೊಂಡರು. ತನಿಖೆ ನಡೆದಾಗ, ಪದವಿ ಸಮಾರಂಭದಲ್ಲಿ ಗೌನು ತೊಟ್ಟು ವೇದಿಕೆ ಹತ್ತಿಳಿದಿದ್ದ 177 ಮಂದಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಅರ್ಹತೆಯನ್ನೇ ಪೂರೈಸಿರಲಿಲ್ಲವೆಂದು ತಿಳಿಯಿತು. ಕಾಲೇಜಿಗೆ ಹೊರಟು ನಿಂತಿದ್ದ ಮಕ್ಕಳಿಗೆ ಇನ್ನೂ ಹೈಸ್ಕೂಲೇ ಮುಗಿದಿಲ್ಲ ಎಂಬ ಸುದ್ದಿ ಬೇಸಿಗೆಯಲ್ಲಿ ಬಂದಿತು. ಮುಖ್ಯಸ್ಥರು ರಾಜೀನಾಮೆ ಕೊಟ್ಟರು, ಮಂಡಳಿ ತನ್ನ ಸನದುಗಳನ್ನು ಬಿಟ್ಟುಕೊಟ್ಟಿತು. ಇಂಥ ಸಂದರ್ಭಗಳಲ್ಲಿ ಶಾಲೆ ಮುಚ್ಚುವುದನ್ನೇ ಉತ್ತರದಾಯಿತ್ವದ ಗೆಲುವೆಂದು ಬರೆಯುವವರಿದ್ದಾರೆ. ನಾನು ಒಪ್ಪಲಾರೆ. ಮಂಡಳಿ ಮೊದಲ ದೂರಿಗೇ ಅಂಕಪಟ್ಟಿ ತರಿಸಿ ನೋಡಿದ್ದರೆ ಆ ಮಕ್ಕಳ ವರ್ಷ ಉಳಿಯುತ್ತಿತ್ತು.

ಅಂಕಗಳ ಚರ್ಚೆಯನ್ನೂ ಮುಟ್ಟದೆ ಬಿಡುವಂತಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೊ ಕೇಂದ್ರದ 2009ರ ಅಧ್ಯಯನದ ಪ್ರಕಾರ ಶೇ. 17ರಷ್ಟು ಚಾರ್ಟರ್ ಶಾಲೆಗಳು ಸಾಮಾನ್ಯ ಶಾಲೆಗಳಿಗಿಂತ ಮೇಲಿದ್ದವು, ಶೇ. 37 ಕೆಳಗಿದ್ದವು. ಅದೇ ಕೇಂದ್ರದ 2023ರ ವರದಿ ಚಾರ್ಟರ್ ಮಕ್ಕಳು ಓದಿನಲ್ಲಿ 16 ದಿನ, ಗಣಿತದಲ್ಲಿ 6 ದಿನದ ಕಲಿಕೆಯಷ್ಟು ಮುಂದಿದ್ದಾರೆ ಎಂದಿತು. ಆನ್‌ಲೈನ್ ಶಾಲೆಯವರು ಮಾತ್ರ ಗಣಿತದಲ್ಲಿ 124 ದಿನದಷ್ಟು ಹಿಂದೆ. ಹಗರಣಗಳನ್ನಷ್ಟೇ ನೋಡಿ ಇಡೀ ಚಳವಳಿಯನ್ನು ತೂಗುವುದು ಅನ್ಯಾಯವೆಂದು ಈ ಅಂಕಿಗಳು ಎಚ್ಚರಿಸುತ್ತವೆ. ಸುಮಾರು 37 ಲಕ್ಷ ಮಕ್ಕಳು ಈ ಶಾಲೆಗಳಲ್ಲಿ ಓದುತ್ತಿದ್ದಾರೆ, ಅವರಲ್ಲಿ ಬಹಳಷ್ಟು ಮಂದಿ ಒಳ್ಳೆಯ ಪಾಠ ಪಡೆಯುತ್ತಿದ್ದಾರೆ.

ಇನ್ನು ನ್ಯಾಯಾಲಯಗಳನ್ನು ಮತ್ತೆ ಮತ್ತೆ ಕಾಡಿರುವ ಪ್ರಶ್ನೆ: ಚಾರ್ಟರ್ ಶಾಲೆ ಸಾರ್ವಜನಿಕವೋ, ಖಾಸಗಿಯೋ? 2009ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯವು ರಾಜ್ಯದ ಲೆಕ್ಕ ನಿಯಂತ್ರಕರಿಗೆ ಚಾರ್ಟರ್ ಶಾಲೆಗಳ ಲೆಕ್ಕ ತಪಾಸಣೆ ಮಾಡುವ ಹೊಣೆಯನ್ನು ಶಾಸನಸಭೆ ವಹಿಸಿದ್ದು ಸಂವಿಧಾನಬಾಹಿರ ಎಂದಿತು, ಏಕೆಂದರೆ ಅವು ರಾಜ್ಯದ ಆಡಳಿತ ಘಟಕಗಳಲ್ಲ. 2015ರಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟು, 2012ರಲ್ಲಿ ಮತದಾರರೇ ಒಪ್ಪಿದ್ದ ಚಾರ್ಟರ್ ಕಾಯಿದೆಯನ್ನು ರದ್ದುಮಾಡಿತು. ಸಂವಿಧಾನ ಹೇಳುವ ಸಾಮಾನ್ಯ ಶಾಲೆ ಎಂದರೆ ಮತದಾರರ ಹತೋಟಿಯಲ್ಲಿರುವ ಶಾಲೆ ಎಂಬ 1909ರ ತೀರ್ಪೊಂದು ಅದಕ್ಕೆ ಆಧಾರ. ಮುಂದೆ ಲಾಟರಿ ಹಣದಿಂದ ನೆರವು ಕೊಡುವ ಹೊಸ ಕಾಯಿದೆ ಬಂದು ಶಾಲೆಗಳು ಉಳಿದವು. 2016ರಲ್ಲಿ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಯು ಬ್ರೂಕ್ಲಿನ್ನಿನ ಒಂದು ಮತ್ತು ಪೆನ್ಸಿಲ್ವೇನಿಯಾದ ಒಂದು ಚಾರ್ಟರ್ ಶಾಲೆಯನ್ನು ಖಾಸಗಿ ಉದ್ಯೋಗದಾತರೆಂದು ಪರಿಗಣಿಸಿತು. ಕಾರಣ ಗಮನಾರ್ಹ: ಮಂಡಳಿಯ ಸದಸ್ಯರನ್ನು ನೇಮಿಸುವ, ತೆಗೆಯುವ ಅಧಿಕಾರ ಸರ್ಕಾರಕ್ಕಾಗಲಿ ಮತದಾರರಿಗಾಗಲಿ ಇರಲಿಲ್ಲ. ಇದಕ್ಕೆ ವಿರುದ್ಧವಾಗಿ 2022ರಲ್ಲಿ ನಾಲ್ಕನೆಯ ವೃತ್ತದ ಮೇಲ್ಮನವಿ ನ್ಯಾಯಾಲಯವು ಹುಡುಗಿಯರು ಸ್ಕರ್ಟನ್ನೇ ತೊಡಬೇಕೆಂದು ವಿಧಿಸಿದ್ದ ಉತ್ತರ ಕೆರೊಲಿನಾದ ಚಾರ್ಟರ್ ಶಾಲೆ ಸರ್ಕಾರದ ಪರವಾಗಿಯೇ ವರ್ತಿಸುತ್ತಿದೆ, ಆದ್ದರಿಂದ ಸಂವಿಧಾನದ ಸಮಾನತೆಗೆ ಬದ್ಧ ಎಂದಿತು. ಖಜಾನೆಯ ಮುಂದೆ ಸಾರ್ವಜನಿಕ, ಲೆಕ್ಕ ತಪಾಸಕರ ಮುಂದೆ ಖಾಸಗಿ ಎಂಬ ಇಬ್ಬಗೆ ಈ ಶಾಲೆಗಳಿಗೆ ಬಹುಕಾಲ ಅನುಕೂಲವಾಗಿಯೇ ಇತ್ತು. ಪಾರದರ್ಶಕತೆ ಖಾತ್ರಿಯಾಗುವವರೆಗೆ ವಿಸ್ತರಣೆ ನಿಲ್ಲಿಸಿ ಎಂದು ಕಪ್ಪು ಜನರ ಹಕ್ಕುಗಳ ಹಳೆಯ ಸಂಘಟನೆ ಎನ್‌ಎಎಸಿಪಿ 2016ರಲ್ಲಿ ಕರೆಕೊಟ್ಟದ್ದು ಈ ಹಿನ್ನೆಲೆಯಲ್ಲಿ.

ಶಾಸನದ ದಾರಿಯಲ್ಲಿ ಸ್ಪಷ್ಟವಾದ ಉತ್ತರ ಕೊಟ್ಟದ್ದು ಕ್ಯಾಲಿಫೋರ್ನಿಯಾ. ಎ3 ಆರೋಪಪಟ್ಟಿ ಹೊರಬರುವ ಎರಡು ತಿಂಗಳು ಮೊದಲು, 2019ರ ಮಾರ್ಚಿನಲ್ಲಿ, ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದ ಕಾಯಿದೆ ಚಾರ್ಟರ್ ಮಂಡಳಿಗಳ ಸಭೆಗಳನ್ನು ಜನರಿಗೆ ತೆರೆಯಿತು, ದಾಖಲೆಗಳನ್ನು ಮಾಹಿತಿ ಹಕ್ಕಿನ ವ್ಯಾಪ್ತಿಗೆ ತಂದಿತು, ಸ್ವಹಿತಾಸಕ್ತಿ ತಡೆಯುವ ಸರ್ಕಾರಿ ನಿಯಮಗಳನ್ನು ಮಂಡಳಿಯ ಸದಸ್ಯರಿಗೂ ಅನ್ವಯಿಸಿತು. ಲೇಗರ್ ಮಾದರಿಯ, ಶಾಲೆಯೂ ನನ್ನದು ಗುತ್ತಿಗೆಯೂ ನನ್ನದು ಎಂಬ ಏರ್ಪಾಡಿಗೆ ಇಂಥ ನಿಯಮವೇ ನೇರ ತಡೆ. ಅಕ್ಟೋಬರಿನಲ್ಲಿ ಬಂದ ಇನ್ನೊಂದು ಕಾಯಿದೆ ತರಗತಿಯಿಲ್ಲದ ಹೊಸ ಚಾರ್ಟರ್ ಶಾಲೆಗಳಿಗೆ ತಾತ್ಕಾಲಿಕ ತಡೆ ಹಾಕಿತು.

ಈ ಎಲ್ಲದರ ಬುಡಕ್ಕೇ ಕೈಹಾಕುವ ಪ್ರಕರಣ ಬಂದದ್ದು ಒಕ್ಲಹೋಮದಿಂದ. 2023ರ ಜೂನಿನಲ್ಲಿ ಅಲ್ಲಿನ ಚಾರ್ಟರ್ ಮಂಡಳಿ ಸೇಂಟ್ ಇಸಿಡೋರ್ ಎಂಬ ಕ್ಯಾಥೊಲಿಕ್ ಆನ್‌ಲೈನ್ ಶಾಲೆಗೆ ಸನದು ನೀಡಲು 3-2 ಮತಗಳಿಂದ ಒಪ್ಪಿತು. ರಾಜ್ಯದ ಅಟಾರ್ನಿ ಜನರಲ್ ಜೆಂಟ್ನರ್ ಡ್ರಮಂಡ್ ತಮ್ಮದೇ ರಾಜ್ಯದ ಮಂಡಳಿಯ ವಿರುದ್ಧ ನ್ಯಾಯಾಲಯಕ್ಕೆ ಹೋದರು; ಚಾರ್ಟರ್ ಶಾಲೆ ಸರ್ಕಾರದ ಶಾಲೆಯೇ, ಆದ್ದರಿಂದ ಧಾರ್ಮಿಕವಾಗಿರುವಂತಿಲ್ಲ ಎಂದು ಒಕ್ಲಹೋಮ ಸುಪ್ರೀಂ ಕೋರ್ಟು 2024ರಲ್ಲಿ ಹೇಳಿತು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಏಮಿ ಕೋನಿ ಬ್ಯಾರೆಟ್ ವಿಚಾರಣೆಯಿಂದ ದೂರ ಉಳಿದದ್ದರಿಂದ 2025ರ ಮೇ 22ರಂದು ಮತ 4-4 ಆಯಿತು. ಕೆಳಗಿನ ತೀರ್ಪು ಉಳಿಯಿತು, ಆದರೆ ಬೇರೆ ರಾಜ್ಯಗಳಿಗೆ ಅದು ನಿದರ್ಶನವಾಗುವುದಿಲ್ಲ. ಇಂಥದೇ ಪ್ರಕರಣ ಮತ್ತೊಮ್ಮೆ ಆ ಮೆಟ್ಟಿಲೇರಿ ಚಾರ್ಟರ್ ಶಾಲೆ ಖಾಸಗಿ ಎಂದು ತೀರ್ಮಾನವಾದರೆ, ಧರ್ಮದ ಪ್ರಶ್ನೆಯೊಂದೇ ಬದಲಾಗುವುದಿಲ್ಲ. ಇವು ಸಾರ್ವಜನಿಕ ಶಾಲೆಗಳೆಂಬ ನೆಲೆಯ ಮೇಲೆ ರಾಜ್ಯಗಳು ಕಟ್ಟಿಕೊಂಡಿರುವ ಬಹಿರಂಗ ಸಭೆಯ, ಲೆಕ್ಕ ತಪಾಸಣೆಯ, ಸ್ವಹಿತಾಸಕ್ತಿ ತಡೆಯ ನಿಯಮಗಳನ್ನೂ ಒಂದೊಂದಾಗಿ ನ್ಯಾಯಾಲಯದಲ್ಲಿ ಪ್ರಶ್ನಿಸಲು ಹಾದಿಯಾಗುತ್ತದೆ.