ಸ್ಟ್ರಾಂಡ್, ಪಾಲ್

1890-1976. ಆಧುನಿಕ ಛಾಯಾಗ್ರಹಣಕ್ಕೆ ತಳಪಾಯ ಹಾಕಿದವರಲ್ಲಿ ಒಬ್ಬ, ಚಲನಚಿತ್ರಕಾರ. ಹುಟ್ಟೂರು ನ್ಯೂಯಾರ್ಕ್. ಅಲ್ಲಿನ ಎಥಿಕಲ್ ಕಲ್ಚರ್ ಶಾಲೆಯಲ್ಲಿ ಈತನಿಗೆ ಛಾಯಾಗ್ರಹಣ ಕಲಿಸಿದವ ಬಾಲಕಾರ್ಮಿಕರ ಚಿತ್ರಗಳಿಂದ ಹೆಸರಾದ ಲೂಯಿಸ್ ಹೈನ್. ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸನ '291' ಗ್ಯಾಲರಿಯ ಬಾಗಿಲು ತೋರಿಸಿದವನೂ ಅವನೇ.

ಆಗ ಕಲಾತ್ಮಕ ಛಾಯಾಚಿತ್ರವೆಂದರೆ ವರ್ಣಚಿತ್ರವನ್ನು ಅನುಕರಿಸುವ ಮಸುಕು ಬಿಂಬ. ಸ್ಟ್ರಾಂಡನೂ ಅದನ್ನೇ ಮಾಡುತ್ತಿದ್ದ. ಹೀಗೆ ತೆಗೆದರೆ ಹುಲ್ಲು, ನೀರು, ಮರದ ತೊಗಟೆ ಎಲ್ಲವೂ ಒಂದೇ ತೆರನಾಗಿ ಕಾಣುತ್ತವೆಂದು ಸ್ಟೀಗ್ಲಿಟ್ಸ್ ಆಕ್ಷೇಪಿಸಿದ ಮೇಲೆ ಈತ ಸ್ಪಷ್ಟತೆಯ ಕಡೆಗೆ ಹೊರಳಿದ. 1915ರ 'ವಾಲ್ ಸ್ಟ್ರೀಟ್' ಚಿತ್ರದಲ್ಲಿ ಮಾರ್ಗನ್ ಬ್ಯಾಂಕಿನ ಭಾರಿ ಕಪ್ಪು ಕಿಟಕಿಗಳ ಕೆಳಗೆ ಜನ ತಮ್ಮ ಉದ್ದನೆಯ ನೆರಳುಗಳೊಡನೆ ಸಾಗುತ್ತಾರೆ. ಮರುವರ್ಷ ಕನೆಟಿಕಟ್‌ನ ಟ್ವಿನ್ ಲೇಕ್ಸ್‌ನಲ್ಲಿ ಬೋಗುಣಿಗಳನ್ನೂ ಜಗಲಿಯ ನೆರಳನ್ನೂ ಹತ್ತಿರದಿಂದ ತೆಗೆದು, ಕ್ಯೂಬಿಸಂನ ಪಾಠವನ್ನು ಕ್ಯಾಮೆರಾಕ್ಕೆ ಒಗ್ಗಿಸಿದ.

ಅದೇ 1916ರಲ್ಲಿ ನ್ಯೂಯಾರ್ಕಿನ ಬೀದಿಯ ಮುಖಗಳನ್ನೂ ತೆಗೆದ. ಜನರಿಗೆ ತಿಳಿಯದಿರಲೆಂದು ಕ್ಯಾಮೆರಾದ ಪಕ್ಕಕ್ಕೆ ಒಂದು ಹುಸಿ ಲೆನ್ಸ್ ಜೋಡಿಸಿ, ಬೇರೆಲ್ಲೋ ಗುರಿಯಿಟ್ಟಂತೆ ನಟಿಸುತ್ತಿದ್ದ. ಇವುಗಳಲ್ಲಿ ಬಹಳ ಹೆಸರಾದದ್ದು, ಕುರುಡಿ ಎಂಬ ಫಲಕವನ್ನು ಕೊರಳಿಗೆ ತೂಗುಹಾಕಿಕೊಂಡ ಹೆಂಗಸಿನ ಚಿತ್ರ. ಆಕೆಯ ಮಟ್ಟಿಗೆ ಆ ಉಪಾಯವೇ ಬೇಕಿರಲಿಲ್ಲವೆಂಬುದು ನೋಡುವವರನ್ನು ಇಂದಿಗೂ ಕಸಿವಿಸಿಗೊಳಿಸುತ್ತದೆ. ಸ್ಟೀಗ್ಲಿಟ್ಸನ 'ಕ್ಯಾಮೆರಾ ವರ್ಕ್' ಪತ್ರಿಕೆಯ ಕೊನೆಯ ಸಂಚಿಕೆ (1917) ಇಡಿಯಾಗಿ ಈತನ ಚಿತ್ರಗಳಿಗೇ ಮೀಸಲಾಯಿತು.

ವರ್ಣಚಿತ್ರಕಾರ ಚಾರ್ಲ್ಸ್ ಶೀಲರ್ ಜೊತೆ ಮಾಡಿದ 'ಮ್ಯಾನ್‌ಹಾಟಾ' ಕಿರುಚಿತ್ರ 1921ರಲ್ಲಿ ತೆರೆಕಂಡಿತು. 1930ರ ದಶಕ ಮೆಕ್ಸಿಕೊದಲ್ಲೂ ಎಡಪಂಥೀಯ ಸಾಕ್ಷ್ಯಚಿತ್ರಗಳಲ್ಲೂ ಕಳೆಯಿತು. ಮೆಕ್ಸಿಕೊದ ಮೀನುಗಾರರ ಹೋರಾಟವನ್ನು ಹೇಳುವ 'ರೆಡೆಸ್' ಆಗಿನದು. ಮರೆಯಿಂದ ತೆಗೆಯುವ ಅಭ್ಯಾಸ ಅಲ್ಲಿಯೂ ಬಿಟ್ಟಿರಲಿಲ್ಲ: ಲೆನ್ಸಿಗೆ ಪ್ರಿಸಂ ಸಿಕ್ಕಿಸಿ ಪಕ್ಕದಲ್ಲಿದ್ದವರನ್ನು ಸೆರೆಹಿಡಿಯುತ್ತಿದ್ದ.

ಅಮೆರಿಕದಲ್ಲಿ ಕಮ್ಯುನಿಸ್ಟ್ ವಿರೋಧಿ ಬೇಟೆ ಬಿರುಸಾದಾಗ, 1950ರಲ್ಲಿ ಫ್ರಾನ್ಸಿಗೆ ತೆರಳಿದ. ಕೆಲಸದ ರೀತಿ ನಿಜವಾಗಿ ಬದಲಾದದ್ದು ಯೂರೋಪಿನ ಹಳ್ಳಿಗಳಲ್ಲಿ ಎನ್ನಬಹುದು. 1953ರಲ್ಲಿ ಇಟಲಿಯ ಲುಝಾರಾದಲ್ಲಿ ತೆಗೆದ ಕುಟುಂಬಚಿತ್ರದಲ್ಲಿ ತಾಯಿ ಬಾಗಿಲಲ್ಲಿ ನಿಂತಿದ್ದಾಳೆ, ಐವರು ಗಂಡುಮಕ್ಕಳು ಸುತ್ತ ಇದ್ದಾರೆ, ಗೋಡೆಗೊಂದು ಸೈಕಲ್ ಒರಗಿದೆ. ಇಲ್ಲಿ ಯಾರನ್ನೂ ಕದ್ದು ತೆಗೆದಿಲ್ಲ; ತಮ್ಮ ಚಿತ್ರಕ್ಕೆ ತಾವೇ ಒಪ್ಪಿ ನಿಂತ ಜನ ಇವರು. ಬಾಗಿಲು, ಗೋಡೆ, ದೇಹಗಳ ಜೋಡಣೆಯಲ್ಲಿ ಮಾತ್ರ 1916ರ ರೇಖಾಗಣಿತ ಹಾಗೆಯೇ ಇದೆ. ಚಿತ್ರಕಥೆಗಾರ ಚೆಸಾರೆ ಝವಾಟ್ಟೀನಿಯ ಬರೆಹದೊಂದಿಗೆ ಲುಝಾರಾದ ಚಿತ್ರಗಳು 'ಉನ್ ಪಾಯೆಸೆ' (1955) ಪುಸ್ತಕವಾದವು. ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳು, ಈಜಿಪ್ಟ್, ಘಾನಾಗಳ ಕುರಿತ ಪುಸ್ತಕಗಳೂ ಬಂದವು. ಘಾನಾದ ಪುಸ್ತಕ ಹೊರಬಂದ 1976ರಲ್ಲೇ, ಮಾರ್ಚ್ 31ರಂದು, ಪ್ಯಾರಿಸ್ ಬಳಿಯ ಓರ್ಜ್‌ವಾಲ್‌ನಲ್ಲಿ ಈತ ತೀರಿಕೊಂಡ.