ದಾಖಲೆ ಕೈಸೇರಿತು, ಕಪ್ ಸೇರಲಿಲ್ಲ

ವಿದ್ಯಾರ್ಥಿಗಳೇ, ಕೆನಡಾದ ಫುಟ್‌ಬಾಲ್ ನೀವು ಶಾಲೆಯಲ್ಲಿ ಆಡುವ ಕಾಲ್ಚೆಂಡಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, 110 ಗಜ ಉದ್ದದ ಮೈದಾನದಲ್ಲಿ ಓಡುವ ಆಟವದು. ತಂಡಕ್ಕೆ 12 ಮಂದಿ. ಜೊತೆಗಾರ ಎಸೆದ ಚೆಂಡನ್ನು ಹಿಡಿಯುವವನೇ 'ರಿಸೀವರ್'. ಚೆಂಡಿನೊಡನೆ ಎದುರಾಳಿಯ ಗೆರೆ ದಾಟಿದರೆ 'ಟಚ್‌ಡೌನ್', 6 ಅಂಕ.

ಅಮೆರಿಕದ ಮಿಲ್ಟ್ ಸ್ಟೆಗಾಲ್ 1995ರಲ್ಲಿ ವಿನಿಪೆಗ್‌ನ ಬ್ಲೂ ಬಾಂಬರ್ಸ್ ತಂಡವನ್ನು ಸೇರಿದರು. 2002ರಲ್ಲಿ 23 ಟಚ್‌ಡೌನ್ ಗಳಿಸಿ, ವರ್ಷದ ಶ್ರೇಷ್ಠ ಆಟಗಾರರೆನಿಸಿದರು. 2006ರ ಜುಲೈ 20ರಂದು ಎಡ್ಮಂಟನ್‌ನಲ್ಲಿ ತಂಡ 19-22ರಿಂದ ಹಿಂದಿತ್ತು. ಉಳಿದದ್ದು ಕೆಲವೇ ಕ್ಷಣ. ಕೆವಿನ್ ಗ್ಲೆನ್ ಎಸೆದ ಚೆಂಡು ಹಿಡಿದು ಸ್ಟೆಗಾಲ್ ಗೆರೆ ದಾಟಿದರು. ಅದು 100 ಗಜಗಳ ಟಚ್‌ಡೌನ್! ಗೆಲುವು 25-22.

2008ರಲ್ಲಿ ಆಟ ಮುಗಿಸಿದಾಗ ಅವರ ಲೆಕ್ಕದಲ್ಲಿದ್ದುದು 147 ಟಚ್‌ಡೌನ್, 15,153 ಗಜ. ಎರಡೂ ಲೀಗಿನ ದಾಖಲೆಗಳೇ. ಗಜಗಳ ದಾಖಲೆಯನ್ನು 2012ರಲ್ಲಿ ಜೆರಾಯ್ ಸೈಮನ್ ಮುರಿದರು.

ಆದರೆ ಲೀಗಿನ ಗ್ರೇ ಕಪ್? 2001 ಮತ್ತು 2007ರ ಫೈನಲ್‌ಗಳಲ್ಲಿ ತಂಡ ಸೋತಿತು. 2007ರಲ್ಲಿ ಸೋಲಿನ ಅಂತರ ಕೇವಲ 4 ಅಂಕ. ತೋಳು ಮುರಿದಿದ್ದ ಗ್ಲೆನ್ ಅಂದು ಕಣದಲ್ಲಿರಲಿಲ್ಲ. ಹಿಡಿಯುವವನು ಎಷ್ಟೇ ನಿಪುಣನಾಗಿದ್ದರೂ ಎಸೆಯುವ ಕೈ ಬೇರೆಯವರದು. ಕಪ್ ಗೆಲ್ಲದ ಸ್ಟೆಗಾಲ್‌ರನ್ನು 2012ರಲ್ಲಿ ಕೆನಡಾದ ಫುಟ್‌ಬಾಲ್ ಕೀರ್ತಿಭವನಕ್ಕೆ ಸೇರಿಸಿಕೊಳ್ಳಲಾಯಿತು. ಆಟಗಾರನನ್ನು ನೀವಾದರೆ ಯಾವುದರಿಂದ ಅಳೆಯುವಿರಿ?