ಚಪ್ಪಟೆ ತಲೆಯ ಆರು ಸಿಲಿಂಡರ್: ಸೋಲಬೇಕಿದ್ದ ಇಂಜಿನ್ ಗೆದ್ದ ಕಥೆ

ಗ್ಯಾರೇಜ್ ಮಿಸ್ತ್ರಿಯೊಬ್ಬರ ಮಗ ನಮ್ಮ ಏಳನೆಯ ಇಯತ್ತೆಯಲ್ಲಿದ್ದಾನೆ. ಇತಿಹಾಸದ ತಾಸಿನಲ್ಲಿ ಯಂತ್ರಗಳ ಕಾಲದ ಮಾತು ಬಂದಾಗ ಎದ್ದು ನಿಂತು ಕೇಳಿದ: "ಸರ್, ಹಳೀ ಇಂಜಿನ್ನ ತಿದ್ದಿ ತೀಡಿ ಹೊಸಾದನ್ನ ಸೋಲಸಾಕ ಬರ್ತದೇನ್ರಿ?" ನಾನು "ಬರ್ತದ" ಎಂದು ಹೇಳಿ ಮುಂದೆ ಹೋದೆ. ಮನೆಗೆ ಬಂದ ಮೇಲೆ ಉತ್ತರ ಅರ್ಧವಾಯಿತು ಅನ್ನಿಸಿತು. ಗೆಲ್ಲಲು ಬರುತ್ತದೆ ನಿಜ, ಆದರೆ ಎಷ್ಟು ದಿನ? ಈ ಪ್ರಶ್ನೆಗೆ ಅಮೆರಿಕದ ಮೋಟಾರು ಚರಿತ್ರೆಯಲ್ಲಿ ಒಂದು ಒಳ್ಳೆಯ ಉತ್ತರವಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇಂಜಿನ್ ಯಾವುದೆಂದು ತಿಳಿಯೋಣ. ಇಂದಿನ ಕಾರುಗಳಲ್ಲಿ ವಾಲ್ವ್‌ಗಳು ಸಿಲಿಂಡರಿನ ಮೇಲೆ, ಹೆಡ್ಡಿನಲ್ಲಿ ಇರುತ್ತವೆ. ಹಿಂದಿನ ಬಹಳಷ್ಟು ಇಂಜಿನ್‌ಗಳಲ್ಲಿ ಅವು ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನೊಳಗೇ ತಲೆ ಮೇಲಾಗಿ ನಿಂತಿರುತ್ತಿದ್ದವು. ಹೆಡ್ ಎಂದರೆ ಡಬ್ಬಿಯ ಮುಚ್ಚಳದಂಥ ಒಂದು ಚಪ್ಪಟೆ ತುಂಡು, ಅಷ್ಟೇ. ಆದ್ದರಿಂದ ಇದಕ್ಕೆ ಫ್ಲಾಟ್‌ಹೆಡ್ ಅಥವಾ ಸೈಡ್ ವಾಲ್ವ್ ಇಂಜಿನ್ ಎಂದು ಹೆಸರು. ಭಾಗಗಳು ಕಡಿಮೆ, ಸದ್ದು ಕಡಿಮೆ, ಬೆಲೆ ಕಡಿಮೆ. ಹೆಡ್ ಬಿಚ್ಚಿದರೆ ಪಿಸ್ಟನ್, ವಾಲ್ವ್ ಎಲ್ಲವೂ ಕಣ್ಣೆದುರೇ. ಕ್ರೈಸ್ಲರ್ ಕಂಪನಿ 1924ರಲ್ಲಿ ತನ್ನ ಮೊದಲ ಕಾರಿಗೆ ಇಂಥ ಆರು ಸಿಲಿಂಡರಿನ ಇಂಜಿನ್ ಹಾಕಿತು. ಅದೇ ಕಂಪನಿಯ ಪ್ಲಿಮತ್ ಕಾರಿನಲ್ಲಿ ಈ ಜಾತಿಯ ಇಂಜಿನ್ 1959ರವರೆಗೂ ಉಳಿಯಿತು.

ದೋಷವೂ ಇತ್ತು. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಪಕ್ಕದ ವಾಲ್ವಿನಿಂದ ಮೇಲೆದ್ದು, ಅಡ್ಡ ಹರಿದು, ಮತ್ತೆ ಕೆಳಗಿಳಿದು ಸಿಲಿಂಡರ್ ಸೇರಬೇಕು. ಹೊಲಕ್ಕೆ ನೀರು ಹಾಯಿಸುವವರಿಗೆ ಇದು ಬೇಗ ಅರ್ಥವಾದೀತು. ಕಾಲುವೆಗೆ ತಿರುವು ಹೆಚ್ಚಿದಷ್ಟೂ ನೀರಿನ ಓಟ ಕಡಿಮೆ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಶಕ್ತಿ ಹೆಚ್ಚಬೇಕಾದರೆ ಮಿಶ್ರಣವನ್ನು ಇನ್ನಷ್ಟು ಒತ್ತಬೇಕು, ಅಂದರೆ ಕಂಪ್ರೆಶನ್ ಏರಿಸಬೇಕು. ಅದಕ್ಕೆ ಹೆಡ್ಡಿನ ತಳವನ್ನು ಸವೆಸಿ ಒಳಗಿನ ಜಾಗವನ್ನು ಕಿರಿದು ಮಾಡುತ್ತಾರೆ. ಆದರೆ ಮಿಶ್ರಣ ವಾಲ್ವಿನಿಂದ ಸಿಲಿಂಡರಿಗೆ ಹಾಯುವ ದಾರಿಯೂ ಅದೇ ಜಾಗದಲ್ಲಿದೆ! ಕಂಪ್ರೆಶನ್ ಏರಿಸಿದರೆ ದಾರಿ ಇಕ್ಕಟ್ಟು, ದಾರಿ ಅಗಲಿಸಿದರೆ ಕಂಪ್ರೆಶನ್ ಇಳಿತ. ಇಂಗ್ಲೆಂಡಿನ ಇಂಜಿನಿಯರ್ ಹ್ಯಾರಿ ರಿಕಾರ್ಡೊ ಮೊದಲ ಮಹಾಯುದ್ಧದ ನಂತರ ಹೆಡ್ಡಿನ ಒಳ ಆಕಾರವನ್ನು ಬದಲಿಸಿ, ಮಿಶ್ರಣ ಸುಳಿ ಸುತ್ತಿ ಬೇಗ ಉರಿಯುವಂತೆ ಮಾಡಿದರು. ಇದರಿಂದ ತೊಡಕು ಸ್ವಲ್ಪ ಸಡಿಲವಾಯಿತು, ಪೂರ್ತಿ ಹೋಗಲಿಲ್ಲ.

1949ರಲ್ಲಿ ಓಲ್ಡ್ಸ್‌ಮೊಬೈಲ್ ಮತ್ತು ಕ್ಯಾಡಿಲಾಕ್ ಕಾರುಗಳಿಗೆ ಹೊಸ ವಿ-8 ಇಂಜಿನ್‌ಗಳು ಬಂದವು. ಅವುಗಳ ವಾಲ್ವ್ ಮೇಲೆ, ಕಂಪ್ರೆಶನ್ ಹೆಚ್ಚು. 1951ರಲ್ಲಿ ಕ್ರೈಸ್ಲರ್ ಕಂಪನಿಯೇ 180 ಅಶ್ವಶಕ್ತಿಯ ವಿ-8 ಹೊರತಂದಿತು. ಇನ್ನು ಚಪ್ಪಟೆ ತಲೆಯ ಕಾಲ ಮುಗಿಯಿತು ಎಂದೇ ಎಲ್ಲರೂ ತಿಳಿದರು.

ಆದರೆ 1950ರ ಸೆಪ್ಟೆಂಬರಿನಲ್ಲೇ ಒಂದು ಸೋಜಿಗ ನಡೆದಿತ್ತು. ದಕ್ಷಿಣ ಕೆರೊಲಿನಾದ ಡಾರ್ಲಿಂಗ್‌ಟನ್ನಿನಲ್ಲಿ ಹೊಸ ಓಟದ ಪಥ ಕಟ್ಟಿ 500 ಮೈಲಿಯ ಪಂದ್ಯ ಇಟ್ಟಿದ್ದರು. 75 ಕಾರುಗಳು ಓಡಿದವು. ಗೆದ್ದವರು ಜಾನಿ ಮ್ಯಾಂಟ್ಜ್. ಅವರ ಪ್ಲಿಮತ್ ಕಾರಿನ ಆರು ಸಿಲಿಂಡರ್ ಫ್ಲಾಟ್‌ಹೆಡ್‌ಗೆ ನೂರು ಅಶ್ವಶಕ್ತಿಯೂ ಇರಲಿಲ್ಲ. ವೇಗದ ಕಾರುಗಳೆಲ್ಲ ಟಯರ್ ಒಡೆದುಕೊಂಡು ಮತ್ತೆ ಮತ್ತೆ ನಿಂತವು. ಮ್ಯಾಂಟ್ಜ್ ಲಾರಿಯ ಗಟ್ಟಿ ಟಯರ್ ಹಾಕಿಕೊಂಡು ಒಂದೇ ನಡೆಯಲ್ಲಿ ಆರೂವರೆ ಗಂಟೆಗೂ ಹೆಚ್ಚು ಹೊತ್ತು ಓಡಿಸಿ, ಎರಡನೆಯವನಿಗಿಂತ ಒಂಬತ್ತು ಸುತ್ತು ಮುಂದೆ ನಿಂತರು. ಆಮೆ ಮತ್ತು ಮೊಲದ ಕಥೆಯನ್ನು ಮಕ್ಕಳಿಗೆ ಹೇಳುವಾಗ ಇದನ್ನೂ ಹೇಳಬಹುದು.

ಅಲ್ಲಿ ಗೆದ್ದದ್ದು ತಾಳ್ಮೆ. ಇಂಜಿನ್ನನ್ನೇ ತಿದ್ದಿ ಗೆದ್ದ ಕಥೆ ಹಡ್ಸನ್ ಕಂಪನಿಯದು. 1909ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಈ ಕಂಪನಿ 1948ರಲ್ಲಿ ನೆಲ ತಗ್ಗಿಸಿದ ಹೊಸ ಬಗೆಯ ಕಾರನ್ನು ಮಾಡಿತು. ಒಳಗೆ ಕೂರುವವರು ಒಂದು ಮೆಟ್ಟಿಲು ಕೆಳಗೆ ಇಳಿಯಬೇಕು. ಗಾಡಿಯ ಭಾರವೆಲ್ಲ ನೆಲದ ಹತ್ತಿರ ಇದ್ದುದರಿಂದ ತಿರುವಿನಲ್ಲಿ ವಾಲುತ್ತಿರಲಿಲ್ಲ. 1951ರಲ್ಲಿ ಇದಕ್ಕೆ ಹಾರ್ನೆಟ್ ಎಂಬ ಹೆಸರಿನಲ್ಲಿ 308 ಘನ ಅಂಗುಲದ, ಅಂದರೆ ಸುಮಾರು ಐದು ಲೀಟರಿನ ಆರು ಸಿಲಿಂಡರ್ ಫ್ಲಾಟ್‌ಹೆಡ್ ಕೂಡಿಸಿದರು. ಶಕ್ತಿ 145. ಹೊಸ ವಿ-8 ಮಾಡಲು ಬೇಕಾದ ಬಂಡವಾಳ ಕಂಪನಿಯ ಬಳಿ ಇರಲಿಲ್ಲ. ಇದ್ದುದನ್ನೇ ಹಿಗ್ಗಿಸಬೇಕಾಗಿತ್ತು.

ಡೇಟೋನಾ ಬೀಚಿನ ಮೆಕ್ಯಾನಿಕ್ ಹಾಗೂ ಓಟಗಾರ ಮಾರ್ಷಲ್ ಟೀಗ್ 1951ರಲ್ಲಿ ತಮ್ಮೂರಿನ ಕಡಲ ತೀರದ ಪಂದ್ಯವನ್ನು ಹಡ್ಸನ್ನಿನಲ್ಲಿ ಗೆದ್ದರು. ಕಂಪನಿಯ ಕಡೆಯಿಂದ ವಿನ್ಸ್ ಪಿಗ್ಗಿನ್ಸ್ ಎಂಬ ಇಂಜಿನಿಯರ್ ಬೆಂಬಲಕ್ಕೆ ನಿಂತರು. ಅದೇ ಊರಿನಲ್ಲಿ ಗ್ಯಾರೇಜ್ ಇಟ್ಟಿದ್ದ ಸ್ಮೋಕಿ ಯೂನಿಕ್, ಉತ್ತರ ಕೆರೊಲಿನಾದ ಹರ್ಬ್ ಥಾಮಸ್ ಅವರ ಕಾರನ್ನು ಸಿದ್ಧಪಡಿಸಿದರು. ಯೂನಿಕ್ ಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿ ಬಂದವರು.

ಇವರು ಮಾಡಿದ್ದೇನು? ಒಂದೊಂದಾಗಿ ನೋಡೋಣ.

ಮೊದಲನೆಯದು ಉಸಿರಾಟ. ಉದ್ದನೆಯ ಆರು ಸಿಲಿಂಡರಿಗೆ ನಡುವೆ ಒಂದೇ ಕಾರ್ಬ್ಯುರೇಟರ್ ಇದ್ದರೆ ನಡುವಿನ ಸಿಲಿಂಡರ್‌ಗಳಿಗೆ ಪೆಟ್ರೋಲ್ ಹೆಚ್ಚು, ತುದಿಯವಕ್ಕೆ ಕಡಿಮೆ. ಪಂಕ್ತಿಯ ತುದಿಗೆ ಕುಳಿತವನಿಗೆ ಸಾರು ಮುಟ್ಟದ ಹಾಗೆ. ಹಡ್ಸನ್ ಎರಡು ಕಾರ್ಬ್ಯುರೇಟರ್ ಇಟ್ಟು ಹಂಚಿಕೆ ಸರಿ ಮಾಡಿತು. ಇದೇ 'ಟ್ವಿನ್ ಎಚ್ ಪವರ್'. 1954ರ ಹೊತ್ತಿಗೆ ಇದರಿಂದ ಅಂಗಡಿಯಲ್ಲಿ ಸಿಗುವ ಕಾರಿಗೇ 170 ಅಶ್ವಶಕ್ತಿ ಬಂದಿತು.

ಎರಡನೆಯದು ಹೊಗೆಯ ದಾರಿ. ಇಂಥ ಇಂಜಿನ್ ಉರಿಯುವ ಕ್ರಮ 1-5-3-6-2-4. ಗಮನಿಸಿ: 1, 3, 2 ಮುಂದಿನವು, 5, 6, 4 ಹಿಂದಿನವು. ಮುಂದೆ ಒಂದು, ಹಿಂದೆ ಒಂದು, ಹೀಗೆ ಸರದಿ. ಆದ್ದರಿಂದ ಮುಂದಿನ ಮೂರಕ್ಕೆ ಒಂದು ಪೈಪು, ಹಿಂದಿನ ಮೂರಕ್ಕೆ ಇನ್ನೊಂದು ಕೊಟ್ಟರೆ ಒಂದರ ಹೊಗೆ ಮತ್ತೊಂದನ್ನು ತಡೆಯುವುದಿಲ್ಲ. ಪ್ಲಿಮತ್, ಷೆವ್ರೊಲೆ ಗಾಡಿಗಳನ್ನು ಮನೆಯಲ್ಲೇ ತಿದ್ದುತ್ತಿದ್ದ ಹುಡುಗರೂ ಮೊದಲು ಮಾಡುತ್ತಿದ್ದ ಕೆಲಸಗಳಲ್ಲಿ ಇದೊಂದು.

ಮೂರನೆಯದು ಕೈಚಳಕದ ಕೆಲಸ. ವಾಲ್ವ್ ಮತ್ತು ಸಿಲಿಂಡರಿನ ನಡುವಿನ ಬ್ಲಾಕಿನ ಅಂಚನ್ನು ಉಜ್ಜಿ ತಗ್ಗು ಮಾಡಿ ದಾರಿ ಬಿಡಿಸುವುದು. ಹೆಚ್ಚು ಉಜ್ಜಿದರೆ ಕಂಪ್ರೆಶನ್ ಹೋಯಿತು, ಕಡಿಮೆ ಉಜ್ಜಿದರೆ ಉಸಿರು ಕಟ್ಟಿತು. ಹಡ್ಸನ್ ಬ್ಲಾಕಿನ ಬೀಡು ಕಬ್ಬಿಣದಲ್ಲಿ ಕ್ರೋಮಿಯಂ ಬೆರೆತು ಬಹಳ ಗಟ್ಟಿಯಾಗಿತ್ತು. ಉಜ್ಜುವುದು ಕಷ್ಟ, ಆದರೆ ಸವೆಯುವುದೂ ಕಷ್ಟ. ಇದರ ಜೊತೆಗೆ ದೊಡ್ಡ ವಾಲ್ವ್, ಬೇರೆ ಕ್ಯಾಮ್ ಶಾಫ್ಟ್, ಹೆಚ್ಚು ಕಂಪ್ರೆಶನ್ನಿನ ಹೆಡ್ ಸೇರಿಸಿದ '7-ಎಕ್ಸ್' ಇಂಜಿನ್ ಸುಮಾರು 210 ಅಶ್ವಶಕ್ತಿ ಕೊಡುತ್ತಿತ್ತು. ಪಂದ್ಯದ ನಿಯಮದಂತೆ ಮಾರಾಟಕ್ಕಿಲ್ಲದ ಭಾಗ ಹಾಕುವ ಹಾಗಿಲ್ಲ. ಅದಕ್ಕಾಗಿ ಕಂಪನಿ ಈ ಭಾಗಗಳನ್ನು 'ಕಠಿಣ ಬಳಕೆಗೆ' ಎಂದು ಪಟ್ಟಿಗೆ ಸೇರಿಸಿ ಮಾರಾಟಕ್ಕೇ ಇಟ್ಟಿತು!

ಫಲವೇನಾಯಿತು? 1951ರಲ್ಲಿ ಹರ್ಬ್ ಥಾಮಸ್ ಹಾರ್ನೆಟ್‌ನಲ್ಲಿ ಡಾರ್ಲಿಂಗ್‌ಟನ್ ಗೆದ್ದರು, ನ್ಯಾಸ್ಕಾರ್ ಚಾಂಪಿಯನ್ ಆದರು. 1952ರಲ್ಲಿ ಹಡ್ಸನ್ ಕಾರುಗಳು 34 ಪಂದ್ಯಗಳಲ್ಲಿ 27 ಗೆದ್ದವು, ಚಾಂಪಿಯನ್ ಟಿಮ್ ಫ್ಲಾಕ್. 1953ರಲ್ಲಿ 37ರಲ್ಲಿ 22, ಮತ್ತೆ ಥಾಮಸ್. 1954ರಲ್ಲಿ 37ರಲ್ಲಿ 17.

ಈ ಅಂಕಿಗಳನ್ನು ಮತ್ತೊಮ್ಮೆ ಓದಿ: 27, 22, 17. ಇಳಿಜಾರು ಕಾಣುತ್ತದೆ. ಕಾರಣ ಲೆಕ್ಕದಲ್ಲಿದೆ. ಈ ಇಂಜಿನ್ನಿನ ಪಿಸ್ಟನ್ ಒಂದು ಸಲ ನಾಲ್ಕೂವರೆ ಅಂಗುಲ ಚಲಿಸುತ್ತದೆ. ಒಂದು ಸುತ್ತಿಗೆ ಒಂಬತ್ತು ಅಂಗುಲ. ನಿಮಿಷಕ್ಕೆ 4000 ಸುತ್ತು ತಿರುಗಿದರೆ ಪಿಸ್ಟನ್ 3000 ಅಡಿ ಓಡಬೇಕು. ಅದಕ್ಕಿಂತ ಹೆಚ್ಚು ಓಡಿಸಲು ಲೋಹ ಬಿಡದು, ಪಕ್ಕದ ವಾಲ್ವಿನ ದಾರಿಯೂ ಬಿಡದು. ಮಿಸ್ತ್ರಿ ಎಷ್ಟೇ ಜಾಣನಿರಲಿ, ಮೂಲ ನಕ್ಷೆಯಲ್ಲಿಲ್ಲದ್ದನ್ನು ಉಜ್ಜಿ ತರಲಾಗದು.

ಇತ್ತ ಕಂಪನಿ 1953ರಲ್ಲಿ ಇದ್ದ ಹಣವನ್ನು ಜೆಟ್ ಎಂಬ ಸಣ್ಣ ಕಾರಿಗೆ ಸುರಿಯಿತು. ಅದು ಮಾರಾಟವಾಗಲಿಲ್ಲ. 1954ರ ಮೇ ತಿಂಗಳಲ್ಲಿ ಹಡ್ಸನ್, ನ್ಯಾಶ್ ಕಂಪನಿಯೊಂದಿಗೆ ಸೇರಿ ಅಮೆರಿಕನ್ ಮೋಟಾರ್ಸ್ ಆಯಿತು. 1957ಕ್ಕೆ ಹಡ್ಸನ್ ಎಂಬ ಹೆಸರೂ ಹೋಯಿತು. ಪಂದ್ಯ ಗೆಲ್ಲುತ್ತಿದ್ದ ದಿನಗಳಲ್ಲೇ ಕಾರ್ಖಾನೆ ಸೋಲುತ್ತಿತ್ತು. ಡೆಟ್ರಾಯಿಟ್‌ನಲ್ಲಿ ಕೆಲಸ ಕಳೆದುಕೊಂಡವರಿಗೆ ಆ ಕಪ್‌ಗಳಿಂದ ಏನು ಬಂತು?

1955ರ ಡಾರ್ಲಿಂಗ್‌ಟನ್ ಪಂದ್ಯ ಗೆದ್ದವರು ಯಾರು ಗೊತ್ತೇ? ಅದೇ ಹರ್ಬ್ ಥಾಮಸ್. ಕಾರು ಸಿದ್ಧಪಡಿಸಿದವರು ಅದೇ ಸ್ಮೋಕಿ ಯೂನಿಕ್. ಕಾರು ಮಾತ್ರ ಹೊಸ ವಿ-8 ಇಂಜಿನ್ನಿನ ಷೆವ್ರೊಲೆ. ಪಿಗ್ಗಿನ್ಸ್ ಕೂಡ ಮುಂದೆ ಷೆವ್ರೊಲೆ ಸೇರಿದರು. ಕಬ್ಬಿಣ ಹಳತಾಯಿತು, ಕೈಯ ವಿದ್ಯೆ ಹಳತಾಗಲಿಲ್ಲ.

ಇದಕ್ಕೂ ನಮ್ಮ ಕಡೆಗೂ ಒಂದು ನಂಟಿದೆ. ನಮ್ಮ ಸೋಲಾಪುರದಲ್ಲಿ 1882ರಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು 1940ರಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಕ್ರೈಸ್ಲರ್ ಜೊತೆ ಒಪ್ಪಂದವಾಗಿ ಮುಂಬಯಿಯ ಕುರ್ಲಾದಲ್ಲಿ ಡಾಜ್, ಪ್ಲಿಮತ್, ಡಿಸೋಟೊ ಕಾರುಗಳು, ಫಾರ್ಗೊ ಲಾರಿಗಳು ಜೋಡಣೆಯಾದವು. ಮ್ಯಾಂಟ್ಜ್ ಡಾರ್ಲಿಂಗ್‌ಟನ್ನಿನಲ್ಲಿ ಓಡಿಸಿದ ಇಂಜಿನ್ನಿನ ಜಾತಿಯೇ ಆ ಪೆಟ್ರೋಲ್ ಗಾಡಿಗಳಲ್ಲಿಯೂ ಇತ್ತು. ಆ ಇಂಜಿನ್‌ಗಳ ಹೆಡ್ ಬಿಚ್ಚಿ, ವಾಲ್ವ್ ಉಜ್ಜಿ, ಟ್ಯಾಪೆಟ್ ಸರಿಪಡಿಸಿ ವರ್ಷಗಟ್ಟಲೆ ಓಡಿಸಿದ ನಮ್ಮ ಮಿಸ್ತ್ರಿಗಳ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಟೀಗ್, ಯೂನಿಕ್ ಹೆಸರು ಉಳಿದದ್ದು ಯಾರೋ ಬರೆದಿಟ್ಟಿದ್ದರಿಂದ.

ಮರುದಿನ ಆ ಹುಡುಗನಿಗೆ ಇಷ್ಟನ್ನೂ ಹೇಳಿದೆ. "ನಾಕೈದು ವರ್ಷ ಗೆಲ್ಲಾಕ ಬರ್ತದಪ್ಪಾ. ಆ ನಾಕೈದು ವರ್ಷದಾಗ ಹೊಸಾದು ಕಲೀಬೇಕು" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಜ್ಜ ಫಾರ್ಗೊ ರಿಪೇರಿ ಮಾಡತಿದ್ದರಂತ ಸರ್" ಅಂದ. ಅಜ್ಜನನ್ನು ಕೇಳಿ ಎರಡು ಪುಟ ಬರೆದುಕೊಂಡು ಬಾ ಎಂದಿದ್ದೇನೆ. ಓದುಗರೇ, ನಿಮ್ಮ ಮನೆಯಲ್ಲೂ ಅಂಥ ಅಜ್ಜ ಇದ್ದರೆ ಇಂದೇ ಕೇಳಿ ಬರೆದಿಡಿ.